ತಿದ್ದಪ್ಪನ ಗ್ಯಾಸ್ಕೆಟ್ಟು

'ಪ್ಯಾಕಿಂಗ್' ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಬೀದಿಗೆ ಬೀದಿಯೇ ಒಲೆ ಆರಿಸಿ ಮನೆಯಿಂದ ಹೊರಬೀಳುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ತಪ್ಪು ಪದವನ್ನು ಬಾಯಲ್ಲಿ ಹಾಕಿಕೊಳ್ಳುವುದಕ್ಕಿಂತ ಕಲ್ಲು ಕಚ್ಚುವುದು ಮೇಲು ಎಂದು ತಿಳಿದವನು ತಿದ್ದಪ್ಪ.

ತಿದ್ದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನಿಗೆ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಸಂಜೆ ಪ್ರೆಸ್ಸು ಮುಚ್ಚಿದ ಮೇಲೂ ಆ ಕೆಲಸ ಅವನನ್ನು ಬಿಡುತ್ತಿರಲಿಲ್ಲ. ಮದುವೆಯ ಹೊಸತರಲ್ಲಿ ಹೆಂಡತಿ ತವರಿನಿಂದ ಬರೆದ ಪ್ರೀತಿಯ ಕಾಗದಕ್ಕೆ ಅಲ್ಪಪ್ರಾಣ, ಮಹಾಪ್ರಾಣ ತಿದ್ದಿ ವಾಪಸು ಕಳಿಸಿದ ಪುಣ್ಯಾತ್ಮ ಅವನು. ಆಕೆ ಮತ್ತೆ ಕಾಗದ ಬರೆಯಲಿಲ್ಲ, ನೇರವಾಗಿ ತಾನೇ ಬಂದಳು. ಇನ್ನೊಮ್ಮೆ ಹಾಲಿನಂಗಡಿಯ ಮುಂದೆ 'ಇಲ್ಲಿ ಶುದ್ಧ ಹಾಳು ಸಿಗುತ್ತದೆ' ಎಂಬ ಬೋರ್ಡು ಕಂಡು ಒಳಗೆ ಹೋಗಿ ಪಾಠ ಹೇಳಿದ. ಹಾಲಿನವನು ಬೋರ್ಡು ಬದಲಿಸಲಿಲ್ಲ. ಅವತ್ತಿನಿಂದ ತಿದ್ದಪ್ಪನ ಮನೆಗೆ ಹಾಕುವ ಹಾಲಿಗೆ ನೀರು ಹೆಚ್ಚಿಸಿ ಬೋರ್ಡನ್ನೇ ನಿಜ ಮಾಡಿದ.

ಇಂಥ ತಿದ್ದಪ್ಪನಿಗೆ ಮಾವನ ಕಡೆಯಿಂದ ಬಂದದ್ದು ಒಂದು ಹಳೆಯ ಕಾರು. ಮಾವ ಅರ್ಧ ಆಯುಷ್ಯವನ್ನು ಅದರ ಸ್ಟಿಯರಿಂಗ್ ಹಿಂದೆಯೇ ಕಳೆದವರು. ಕಣ್ಣಿಗೆ ಪೊರೆ ಬಂದು ರಸ್ತೆಯೂ ಚರಂಡಿಯೂ ಒಂದೇ ಥರ ಕಾಣತೊಡಗಿದ ಮೇಲೆ ಕೀಲಿಯನ್ನು ಕಿರಿಯ ಅಳಿಯನ ಕೈಗೆ ಕೊಟ್ಟಿದ್ದರು. ಕಾರು ಓಡುತ್ತಿತ್ತು, ಸುಳ್ಳು ಹೇಳಬಾರದು. ಆದರೆ ನಿಂತಲ್ಲೆಲ್ಲ ಹಪ್ಪಳದಗಲ ಕರೀ ಮಚ್ಚೆ ಬಿಟ್ಟು ಏಳುತ್ತಿತ್ತು. ಅದು ನಿಲ್ಲುತ್ತಿದ್ದದ್ದು ತಿದ್ದಪ್ಪನಿಗೂ ಪಕ್ಕದ ಮನೆಯ ಹೆಡ್‌ಮೇಡಂಗೂ ಸೇರಿದ ಅಂಗಳದಲ್ಲಿ. ಹೆಡ್‌ಮೇಡಂ ಎಂದರೆ ಶಾಲೆಯಲ್ಲಿ ಜೀವಮಾನವಿಡೀ ವ್ಯಾಕರಣ ಕಲಿಸಿ ನಿವೃತ್ತರಾದವರು. ಅಂಗಳಕ್ಕೆ ಬಿಳಿ ಕಲ್ಲು ಹಾಸಿಸಿದ್ದು ಅವರೇ.

"ತಿದ್ದಪ್ಪನೋರೇ, ನೀವು ಊರಿನ ತಪ್ಪೆಲ್ಲಾ ತಿದ್ತೀರಿ. ನಿಮ್ಮ ಗಾಡಿ ನಮ್ಮ ಕಲ್ಲಿನ ಮೇಲೆ ಪೂರ್ಣವಿರಾಮ ಇಡ್ತಾ ಹೋಗುತ್ತಲ್ಲ, ಅದನ್ನ ಯಾರು ತಿದ್ದೋದು?" ಎಂದು ಅವರು ಕೇಳಿದಾಗ ಅವನು ತಲೆ ತಗ್ಗಿಸಿಕೊಂಡು ಮೂಲೆಯ ಗ್ಯಾರೇಜಿಗೆ ಹೋದ.

ಮೆಕ್ಯಾನಿಕ್ಕು ಬಗ್ಗಿ ನೋಡಿ, "ಚೇಂಬರ್ ಪ್ಯಾಕಿಂಗ್ ಹೋಗಿದೆ ಸಾರ್" ಎಂದ.

ಇಂಜಿನ್ನಿನ ತಳಕ್ಕೆ ಎಣ್ಣೆ ತುಂಬಿಕೊಂಡ ಒಂದು ತಟ್ಟೆ ಇರುತ್ತದೆ. ಆ ತಟ್ಟೆಗೂ ಇಂಜಿನ್ನಿಗೂ ನಡುವೆ ಎಣ್ಣೆ ಸೋರದ ಹಾಗೆ ಒಂದು ಪಟ್ಟಿ ಕೂತಿರುತ್ತದೆ. ಆ ಪಟ್ಟಿ ಸವೆದಿತ್ತು, ಅಷ್ಟೇ. ಆದರೆ ಹಿಂದಿನ ರಾತ್ರಿ ಕಾರಿನ ಕೈಪಿಡಿಯನ್ನು ಎರಡು ಸಲ ಓದಿ, ಅದರಲ್ಲಿಯೂ ಕೆಲವು ತಪ್ಪು ತಿದ್ದಿದ್ದ ತಿದ್ದಪ್ಪ ಸುಮ್ಮನಿರಲಿಲ್ಲ.

"ಪ್ಯಾಕಿಂಗ್ ಅಲ್ಲಪ್ಪ, ಗ್ಯಾಸ್ಕೆಟ್ಟು. ಚೇಂಬರ್ ಅಂದ್ರೆ ಕೋಣೆ. ಇದು ತಟ್ಟೆ. ಆಯಿಲ್ ಪ್ಯಾನ್ ಗ್ಯಾಸ್ಕೆಟ್ಟು ಅನ್ನಬೇಕು."

"ನೀವು ಏನಾದ್ರೂ ಅನ್ನಿ ಸಾರ್. ಕೆಲಸ ಮಾತ್ರ ಮುಂದಿನ ವಾರ."

ಮುಂದಿನ ವಾರದವರೆಗೆ ಕಾಯುವಂತಿರಲಿಲ್ಲ. ಮಾವನಿಗೆ ಅವತ್ತೇ ಕಣ್ಣಿನ ಆಪರೇಷನ್ ಆಗಿತ್ತು, ಮಾರನೆಯ ದಿನ ಭಾನುವಾರ ಸಂಜೆ ಆಸ್ಪತ್ರೆಯಿಂದ ಬಿಡುವವರಿದ್ದರು. ತಿದ್ದಪ್ಪನೂ ಹೆಂಡತಿಯೂ ನೋಡಲು ಹೋದಾಗ ಮಂಚದ ಪಕ್ಕದ ಒಂದೇ ಕುರ್ಚಿಯಲ್ಲಿ ಷಡ್ಡಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ನಲ್ಲಿ, ಟೈಲ್ಸಿನ ಅಂಗಡಿ ಇಟ್ಟವನು. ಬಿಳಿ ಪ್ಯಾಂಟು ಬಿಟ್ಟು ಬೇರೆ ತೊಟ್ಟವನಲ್ಲ, ಹೊಸ ಕಾರಿನ ಸೀಟಿಗೆ ಹಾಕಿದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದವನಲ್ಲ.

"ನಾಳೆ ನನ್ನ ಗಾಡೀಲೇ ಮನೆಗೆ ಹೋಗೋಣ" ಎಂದರು ಮಾವ. ಒಂದು ಕಣ್ಣಿಗೆ ಪಟ್ಟಿ ಇತ್ತು, ಇನ್ನೊಂದು ಕಣ್ಣಲ್ಲಿ ಆಸೆ ಇತ್ತು.

"ಮಾವ, ಅದನ್ನ ಗಾಡಿ ಅಂತೀರಾ? ಎಣ್ಣೆ ಗಾಣ ಅದು" ಎಂದ ಷಡ್ಡಕ. "ಗುಜರಿಯವನ ಹತ್ರ ಮಾತಾಡಿದೀನಿ. ನಾಳೆ ನನ್ನ ಕಾರಲ್ಲಿ ಬನ್ನಿ. ಎಣ್ಣೆ ಬಿಡಿ, ಧೂಳೂ ಇರಲ್ಲ."

ತಿದ್ದಪ್ಪನ ಬಾಯಿಂದ ಮಾತು ಹೊರಟೇಬಿಟ್ಟಿತು. "ಆಯಿಲ್ ಪ್ಯಾನ್ ಗ್ಯಾಸ್ಕೆಟ್ಟು ಅಷ್ಟೇ ಹೋಗಿರೋದು. ಅದೇನು ಮಹಾ. ನಾಳೆ ಮಧ್ಯಾಹ್ನದೊಳಗೆ ನಾನೇ ಹಾಕಿಬಿಡ್ತೀನಿ."

ಹೆಂಡತಿ ಅವನ ತೋಳನ್ನು ಚಿವುಟಿದಳು. ಮನೆಯಲ್ಲಿ ಬಲ್ಬು ಬದಲಿಸುವವಳೂ ಅವಳೇ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು.

ಷಡ್ಡಕ ನಕ್ಕ. ಮಾವ ನಗಲಿಲ್ಲ. "ನಾಳೆ ಸಂಜೆ ಗಾಡಿ ಬಂದ್ರೆ ಅದರಲ್ಲೇ ಬರ್ತೀನಿ. ಬರ್ಲಿಲ್ವಾ, ಗುಜರಿಯವನಿಗೆ ಕೊಟ್ಬಿಡಿ. ಆಮೇಲೆ ಅದರ ಸುದ್ದಿ ನನ್ನ ಮುಂದೆ ಎತ್ತಬೇಡಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಭಾನುವಾರ ಬೆಳಗ್ಗೆ ತಿದ್ದಪ್ಪ ಹಳೆಯ ಪಾಯಿಜಾಮ ತೊಟ್ಟು ಕಣಕ್ಕಿಳಿದ. ಗ್ಯಾರೇಜಿನಿಂದ ಹೊಸ ಪಟ್ಟಿ, ಅಂಟು, ಎಣ್ಣೆ ಕೊಂಡು, ಕಬ್ಬಿಣದ ಸ್ಟ್ಯಾಂಡುಗಳನ್ನು ಕೇಳಿ ತಂದು, ಜಾಕಿನಿಂದ ಕಾರನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಅಲ್ಲಾಡಿಸಿ ನೋಡಿ, ಮತ್ತೆ ಅಲ್ಲಾಡಿಸಿ ನೋಡಿದ. ತಿದ್ದುವವನಿಗೆ ಅನುಮಾನ ಹೆಚ್ಚು, ಅದು ಇಲ್ಲಿ ಉಪಯೋಗಕ್ಕೆ ಬಂತು. ತಳದ ಬೋಲ್ಟು ಬಿಚ್ಚಿ ಹಳೆಯ ಎಣ್ಣೆಯನ್ನು ಕೈಗೆ ಸಿಕ್ಕ ಟಬ್ಬಿಗೆ ಬಿಟ್ಟ.

"ಅದು ನಾನು ಬಟ್ಟೆ ನೆನೆಸೋ ಟಬ್ಬು" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

"ಇನ್ಮೇಲೆ ಅಲ್ಲ" ಎಂದ ಅವನು ಕಾರಿನ ಕೆಳಗಿಂದ.

ತಟ್ಟೆಯ ಸುತ್ತಲ ಬೋಲ್ಟುಗಳೆಲ್ಲ ಬಂದರೂ ತಟ್ಟೆ ಬರಲಿಲ್ಲ. ಅಷ್ಟು ವರ್ಷದ ಸಂಸಾರ, ಇಂಜಿನ್ನನ್ನು ಬಿಟ್ಟು ಬರಲು ಅದಕ್ಕೂ ಮನಸ್ಸಿಲ್ಲ. ರಬ್ಬರು ಸುತ್ತಿಗೆಯಿಂದ ತಟ್ಟಿದ, ತೆಳುವಾದ ಚಾಕುವಿನ ಅಲಗನ್ನು ಸಂದಿಗೆ ತೂರಿಸಿದ, ಕೊನೆಗೆ ಬೇಡಿಕೊಂಡ. ಬೇಡಿಕೊಂಡಾಗ ಅದು ಧೊಪ್ಪನೆ ಎದೆಯ ಮೇಲೆ ಬಿತ್ತು, ಉಳಿದಿದ್ದ ಎಣ್ಣೆಯನ್ನೆಲ್ಲ ಅವನ ಅಂಗಿಗೆ ಅಭಿಷೇಕ ಮಾಡಿತು.

ಅವನು ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಸಿಂಕಿನಲ್ಲಿಟ್ಟು, ಪಾತ್ರೆ ಸೋಪು ಹಾಕಿ, ಹೆಂಡತಿಯ ಹೊಸ ಸ್ಕ್ರಬ್ಬರಿನಿಂದ ಉಜ್ಜತೊಡಗಿದ. ಆಕೆ ಒಳಗೆ ಬಂದು ಸಿಂಕನ್ನು ನೋಡಿದಳು, ಸ್ಕ್ರಬ್ಬರನ್ನು ನೋಡಿದಳು, ಗಂಡನನ್ನು ನೋಡಿದಳು.

"ನಾನು ಅಪ್ಪನಿಗೆ ಊಟ ತಗೊಂಡು ಹೋಗ್ತೀನಿ" ಎಂದಳು ಬಹಳ ಮೆಲ್ಲಗೆ. "ವಾಪಸು ಬರೋಷ್ಟರಲ್ಲಿ ಈ ಸಿಂಕು ಸಿಂಕಿನ ಥರ ಇರಬೇಕು."

ಮೆಲ್ಲಗೆ ಮಾತಾಡುವ ಹೆಂಡತಿಗೆ ಹೆದರದ ಗಂಡನಿಲ್ಲ. ಸಿಂಕು ತೊಳೆದು, ತಟ್ಟೆ ಒರೆಸಿ, ಅಂಚಿಗೆ ಅಂಟು ಸವರಿ, ಹೊಸ ಗ್ಯಾಸ್ಕೆಟ್ಟನ್ನು ಮದುವಣಗಿತ್ತಿಗೆ ಪದಕ ಇಡುವಷ್ಟು ನಾಜೂಕಾಗಿ ಕೂರಿಸಿ, ಅವನು ಮತ್ತೆ ಕಾರಿನ ಕೆಳಗೆ ಸೇರಿದ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಇಂಜಿನ್ನಿಗೆ ಒತ್ತಿಹಿಡಿದ. ಸರಿಯಾಗಿ ಕೂತಿತು. ಆಗ ನೆನಪಾಯಿತು, ಬೋಲ್ಟಿನ ಡಬ್ಬಿ ಅಂಗಳದಲ್ಲಿ ಉಳಿದಿದೆ. ಕೈ ಬಿಟ್ಟರೆ ಪಟ್ಟಿ ಜಾರುತ್ತದೆ, ಹಿಡಿದೇ ಇದ್ದರೆ ಡಬ್ಬಿ ಸಿಗುವುದಿಲ್ಲ. ಕರಡಿಯನ್ನು ಹಿಡಿದವನ ಸ್ಥಿತಿ.

ಅದೇ ಹೊತ್ತಿಗೆ ಹೆಡ್‌ಮೇಡಂ ಹೊರಗೆ ಬಂದರು. ಕಂಡದ್ದು ಕಾರಿನ ಕೆಳಗಿಂದ ಚಾಚಿಕೊಂಡ ಎರಡು ಕಾಲು.

"ಏನಾಗಿದೆ ತಿದ್ದಪ್ಪನೋರೇ?"

"ಗ್ಯಾಸ್ಕೆಟ್ಟು ಲೀಕಾಗ್ತಿದೆ ಮೇಡಂ" ಎಂದಿತು ಕಾರಿನ ಕೆಳಗಿನ ದನಿ.

ಇಲ್ಲಿ ಹೆಡ್‌ಮೇಡಂ ಅವರನ್ನು ದೂರಬಾರದು. ಜೀವಮಾನವಿಡೀ ಮಕ್ಕಳಿಗೆ ಸಂಧಿ ಬಿಡಿಸುವುದನ್ನು ಕಲಿಸಿದವರು. ಕಿವಿಗೆ ಬಿದ್ದದ್ದನ್ನು ಅಭ್ಯಾಸಬಲದಿಂದ ಬಿಡಿಸಿದರು. ಗ್ಯಾಸ್, ಕೆಟ್ಟು, ಲೀಕಾಗ್ತಿದೆ. ವ್ಯಾಕರಣದ ಪ್ರಕಾರ ಎಳ್ಳಷ್ಟೂ ತಪ್ಪಿಲ್ಲ.

"ಯಾವಾಗಿಂದ?" ಎಂದರು, ಎರಡು ಹೆಜ್ಜೆ ಹಿಂದೆ ಸರಿದು.

"ಬಹಳ ದಿನದಿಂದ. ನಾನೇ ಅಸಡ್ಡೆ ಮಾಡ್ದೆ."

"ಎಲ್ಲಿಂದ ಬರ್ತಿದೆ?"

"ಕೆಳಗಡೆ ಸುತ್ತಲೂ. ನೀವೇನೂ ಯೋಚನೆ ಮಾಡ್ಬೇಡಿ ಮೇಡಂ. ಮಧ್ಯಾಹ್ನದೊಳಗೆ ಎಲ್ಲಾ ಮುಗಿದುಹೋಗುತ್ತೆ. ಆ ಡಬ್ಬಿ ಸ್ವಲ್ಪ..."

ಡಬ್ಬಿಯ ಮಾತು ಕೇಳಲು ಹೆಡ್‌ಮೇಡಂ ಅಲ್ಲಿರಲಿಲ್ಲ. ಮಂಡಿನೋವು ಎಂದು ಮೆಟ್ಟಿಲು ಹತ್ತದವರು ಎದುರು ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಟೈಲರಿಗೆ ಸುದ್ದಿ ಮುಟ್ಟಿಸಿದರು. ಟೈಲರು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅರ್ಧ ಹೊಲಿದ ಕೋಟು ಹೆಗಲಿಗೆ ಹಾಕಿಕೊಂಡು ಬೇಕರಿಗೆ ಓಡಿದ. ಬೇಕರಿಯವನ ಬಾಯಿಗೆ ಬರುವಷ್ಟರಲ್ಲಿ ಬೀದಿಯ ಅಡಿಯಲ್ಲೇ ಗ್ಯಾಸು ತುಂಬಿತ್ತು, ತಿದ್ದಪ್ಪ ಮೂರ್ಛೆ ಹೋಗಿದ್ದ.

"ನನಗೆ ಬೆಳಗ್ಗೆಯಿಂದ ವಾಸನೆ ಬರ್ತಾನೇ ಇತ್ತು" ಎಂದ ಬೇಕರಿಯವನು.

"ನನಗೆ ನಿನ್ನೆಯಿಂದ" ಎಂದ ಟೈಲರು, ಹಿಂದೆ ಬೀಳಬಾರದೆಂದು.

ವಿಮೆ ಏಜೆಂಟ್ ಒಬ್ಬರು ಕಾರಿನ ಹತ್ತಿರ ಬಂದು, ಕಾಲುಗಳಿಗೆ ಕೇಳಿಸುವಂತೆ, "ಸಾರ್, ಆವತ್ತೇ ಹೇಳಿದ್ದೆ, ಒಂದು ಪಾಲಿಸಿ ಮಾಡಿಸಿಬಿಡಿ ಅಂತ" ಎಂದು ನಿಟ್ಟುಸಿರು ಬಿಟ್ಟು ಓಡಿಹೋದರು. ಒಬ್ಬಾಕೆ ಉರಿಯುತ್ತಿದ್ದ ಒಲೆಗೆ ಬಿಂದಿಗೆ ನೀರು ಸುರಿದಳು. ಇನ್ನೊಬ್ಬಾಕೆ ಸಿಲಿಂಡರನ್ನು ಬೀದಿಯವರೆಗೆ ಉರುಳಿಸಿ ತಂದು, ಬೀದಿಯಲ್ಲೇ ಗ್ಯಾಸು ಇರುವುದು ನೆನಪಾಗಿ, ಮತ್ತೆ ಒಳಗೆ ಉರುಳಿಸಿಕೊಂಡು ಹೋದಳು. ಯಾರೋ ಬುದ್ಧಿವಂತರು ಅಗ್ನಿಶಾಮಕದವರಿಗೆ ಫೋನು ಮಾಡಿದರು. ಹೆಡ್‌ಮೇಡಂ ಆಸ್ಪತ್ರೆಯಲ್ಲಿದ್ದ ತಿದ್ದಪ್ಪನ ಹೆಂಡತಿಗೆ ಫೋನು ಮಾಡಿ, "ಧೈರ್ಯ ತಗೋಮ್ಮ. ಕಾಲು ಇನ್ನೂ ಅಲ್ಲಾಡ್ತಿದೆ" ಎಂದರು.

ಷಡ್ಡಕನ ಹೊಸ ಕಾರು ತಿದ್ದಪ್ಪನ ಹೆಂಡತಿಯನ್ನು ಕೂರಿಸಿಕೊಂಡು ಬೀದಿಗೆ ನುಗ್ಗುವುದಕ್ಕೂ, ಹಿಂದೆಯೇ ಗಂಟೆ ಹೊಡೆಯುತ್ತ ಫೈರ್ ಇಂಜಿನ್ ಬರುವುದಕ್ಕೂ ಸರಿಹೋಯಿತು. ಅದರ ಅಬ್ಬರಕ್ಕೆ ಬೆದರಿದ ಷಡ್ಡಕ ತಿದ್ದಪ್ಪನ ಮನೆ ದಾಟಿ, ಬೀದಿ ಮುಗಿಯುವ ಗೋಡೆಯವರೆಗೂ ಕಾರು ಓಡಿಸಿಕೊಂಡು ಹೋದ. ಫೈರ್ ಇಂಜಿನ್ ತಿದ್ದಪ್ಪನ ಗೇಟು ದಾಟಿ ಬೀದಿಗೆ ಅಡ್ಡಲಾಗಿ ನಿಂತಿತು. ಹಗ್ಗ ಕಟ್ಟಿದರು. ಷಡ್ಡಕ, ನಾದಿನಿ ಇಬ್ಬರೂ ಹಗ್ಗದ ಆಚೆ ಉಳಿದರು.

ಫೈರ್ ಆಫೀಸರು ಮೈಕು ಹಿಡಿದರು. "ಸಾರ್ವಜನಿಕರುಗಳಲ್ಲಿ ವಿನಂತಿ. ಅನಿಲ ಸೋರಿಕೆ ಇರೋದರಿಂದ ಯಾರೂ ಹತ್ತಿರ ಬರಬೇಡಿ."

ಅಷ್ಟು ಹೊತ್ತು ತಟ್ಟೆ ಎತ್ತಿಹಿಡಿದು ತಿದ್ದಪ್ಪನ ತೋಳುಗಳು ಮರಗಟ್ಟಿದ್ದವು. ಹೊರಗಿನ ಗಲಾಟೆ ಯಾವುದೋ ಮೆರವಣಿಗೆಯದು ಎಂದುಕೊಂಡಿದ್ದ. ಆದರೆ ಮೈಕಿನಲ್ಲಿ ಬಂದ ತಪ್ಪು ಅವನ ಕಿವಿಗೆ ಮುಳ್ಳಿನ ಹಾಗೆ ಚುಚ್ಚಿತು.

"ಸಾರ್ವಜನಿಕರುಗಳು ತಪ್ಪು" ಎಂದು ಕಾರಿನ ಕೆಳಗಿಂದಲೇ ಕೂಗಿದ. "ಬಹುವಚನಕ್ಕೆ ಮತ್ತೆ ಬಹುವಚನ ಹಚ್ಚಬಾರದು."

ಜನರಿಗೆ ಕೇಳಿಸಿದ್ದು ಕೊನೆಯ ಪದ ಮಾತ್ರ. "ಹಚ್ಚಬಾರದು ಅಂತಿದಾರೆ" ಎಂದ ಟೈಲರು, ಗದ್ಗದಿತನಾಗಿ. "ಸಾಯೋ ಹೊತ್ತಲ್ಲೂ ನಮ್ಮ ಯೋಚನೆ ನೋಡಿ."

ಹತ್ತಿರದಲ್ಲಿದ್ದ ಆಫೀಸರಿಗೆ ಪೂರ್ತಿ ಕೇಳಿಸಿತ್ತು. "ಗ್ಯಾಸು ತಲೆಗೇರಿದೆ. ಬಹುವಚನ ಗಿಹುವಚನ ಅಂತಿದಾನೆ. ಎಳೀರಿ ಹೊರಗೆ" ಎಂದರು.

ಇಬ್ಬರು ದಾಂಡಿಗರು ಒಂದೊಂದು ಕಾಲು ಹಿಡಿದು ಎಳೆದರು. ತಿದ್ದಪ್ಪ ತಟ್ಟೆ ಹಿಡಿದ ಕೈ ಬಿಡದೆ, ಮೊಣಕೈಯನ್ನು ಮುಂದಿನ ಚಕ್ರಕ್ಕೆ ಸಿಕ್ಕಿಸಿಕೊಂಡು ಜಗ್ಗಿದ.

"ಬಿಡ್ರಪ್ಪಾ, ಎಳೀಬೇಡಿ. ಗ್ಯಾಸ್ಕೆಟ್ಟು ಜಾರಿಹೋಗುತ್ತೆ."

"ಗ್ಯಾಸ್ ಕೆಟ್ಟು ಜಾರಿ ಹೋಗುತ್ತಂತೆ ಸಾರ್."

"ಹೋಗೋಕ್ಕೆ ಮುಂಚೆ ಎಳೀರಿ."

ಮತ್ತೊಮ್ಮೆ ಎಳೆದರು. ಈ ಸಲ ಬಂದದ್ದು ತಿದ್ದಪ್ಪನಲ್ಲ, ಅವನ ಪಾಯಿಜಾಮ. ದಾಂಡಿಗರು ಅದನ್ನು ಹಿಡಿದುಕೊಂಡು ಹಿಂದಕ್ಕೆ ಬಿದ್ದರು. ಕಾರಿನ ಕೆಳಗೆ ಪಟ್ಟೆಪಟ್ಟೆಯ ಚಡ್ಡಿಯೊಂದು ಬೀದಿಯ ಸಮಸ್ತರ ಎದುರು ಬಯಲಾಯಿತು. ಹೆಡ್‌ಮೇಡಂ ಆಕಾಶ ನೋಡಿದರು.

ಅಷ್ಟರಲ್ಲಿ ಹೆಂಡತಿ ಹಗ್ಗದಡಿ ನುಸುಳಿ ಬಂದಳು. ಬಂದವಳು ಮೊದಲು, "ಅದು ನಮ್ಮನೆಯವರದು, ಇಲ್ಲಿ ಕೊಡಿ" ಎಂದು ಪಾಯಿಜಾಮ ಕಿತ್ತುಕೊಂಡಳು. ಆಮೇಲೆ ಮಂಡಿಯೂರಿ ಬಗ್ಗಿದಳು.

"ರೀ, ಏನ್ರೀ ಆಯ್ತು ನಿಮಗೆ?"

"ನನಗೇನಾಗಿದೆ? ಕೈ ಸೋತುಹೋಗಿದೆ ಅಷ್ಟೆ. ಈ ಗ್ಯಾಸ್ಕೆಟ್ಟು ಹಿಡ್ಕೊಂಡು ಯಾವ ಕಾಲ ಆಯ್ತು. ಒಬ್ಬರೂ ಒಂದು ಡಬ್ಬಿ ಕೊಡಲ್ಲ, ಎಲ್ಲಾ ಬಂದು ಕಾಲು ಎಳೀತಾರೆ."

ಆಕೆ ಎದ್ದು, ಸೀರೆಯ ಧೂಳು ಕೊಡವಿ, ಬೀದಿಯ ಕಡೆ ತಿರುಗಿದಳು.

"ಪ್ಯಾಕಿಂಗ್" ಎಂದಳು. "ಕಾರಿನ ಚೇಂಬರ್ ಪ್ಯಾಕಿಂಗ್. ಎಣ್ಣೆ ಸೋರ್ತಿತ್ತು. ಹೊಸದು ಹಾಕ್ತಿದಾರೆ."

'ಪ್ಯಾಕಿಂಗಂತೆ' ಎಂಬ ಮಾತು ಬಾಯಿಂದ ಬಾಯಿಗೆ ಹಗ್ಗದಾಚೆಗೂ ಹೋಯಿತು. ಎಲ್ಲರಿಗೂ ಏಕಕಾಲಕ್ಕೆ ಜ್ಞಾನೋದಯವಾಯಿತು, ಬೆಳಗ್ಗೆಯಿಂದ ಬರುತ್ತಿದ್ದ ವಾಸನೆಯೂ ನಿಂತಿತು.

"ನೆಟ್ಟಗೆ ಪ್ಯಾಕಿಂಗ್ ಅನ್ನಬಾರ್ದಿತ್ತೇನ್ರೀ?" ಎಂದರು ಹೆಡ್‌ಮೇಡಂ.

"ಅದು ತಪ್ಪು ಪದ ಮೇಡಂ" ಎಂದಿತು ಕೆಳಗಿನ ದನಿ.

ಹೆಡ್‌ಮೇಡಂ ಏನೋ ಹೇಳಹೊರಟು ತಡೆದರು. ಎಷ್ಟಾದರೂ ವ್ಯಾಕರಣದವರು. "ಅದೂ ನಿಜವೇ" ಎಂದು ಸೆರಗು ಸಿಕ್ಕಿಸಿ, ಬಿಳಿ ಕಲ್ಲಿನ ಮೇಲೆ ಕೂತು, ಡಬ್ಬಿ ತೆಗೆದುಕೊಂಡು ಒಂದೊಂದೇ ಬೋಲ್ಟನ್ನು ಕಾರಿನ ಕೆಳಗೆ ಚಾಚತೊಡಗಿದರು. ತಟ್ಟೆಗೆ ಒತ್ತು ಕೊಡಲು ಹೆಂಡತಿ ಇನ್ನೊಂದು ಕಡೆಯಿಂದ ಕೈ ತೂರಿಸಿದಳು.

"ಒಂದೇ ಕಡೆ ಬಿಗಿ ಮಾಡ್ಬಿಡಬೇಡಿ" ಎಂದರು ಆಫೀಸರು. ಬಯ್ಯಲು ಬಂದವರು ಬಗ್ಗಿ ನೋಡುತ್ತ ಬಯ್ಯುವುದನ್ನೇ ಮರೆತಿದ್ದರು.

"ಗೊತ್ತು ಸಾರ್. ನಡುವಿಂದ ಅಂಚಿಗೆ, ಎದುರುಬದುರು. ಕೈಗೆ ಬಿಗಿ ಸಿಕ್ಕಿದ ಮೇಲೆ ಇನ್ನೊಂದು ಚೂರು ಮಾತ್ರ. ಜಾಸ್ತಿ ಬಿಗಿದ್ರೆ ಪಟ್ಟಿ ಹಿಂಡಿಹೋಗುತ್ತೆ."

ಆ ಮಾತು ಹೇಳಿದ ರೀತಿಗೆ ಬೀದಿ ತಲೆದೂಗಿತು. ಕೊನೆಯ ಬೋಲ್ಟು ಕೂತಿತು. ಹೆಂಡತಿ ಪಾಯಿಜಾಮವನ್ನು ಕೆಳಗೆ ತಳ್ಳಿದಳು. ತಿದ್ದಪ್ಪ ಒಳಗೇ ಅದನ್ನು ತೊಟ್ಟು, ಮಸಿ ಬಳಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ತೋರಿಸುತ್ತ ಹೊರಬಂದಾಗ ಬೇಕರಿಯವನು ಚಪ್ಪಾಳೆ ತಟ್ಟಿದ. ಯಾಕೆ ತಟ್ಟಿದೆ ಎಂದು ಆಮೇಲೆ ಅವನಿಗೇ ಗೊತ್ತಾಗಲಿಲ್ಲ.

ಅಂಟು ಒಣಗುವವರೆಗೆ ಫೈರ್ ಇಂಜಿನ್ನಿನವರೂ ಸೇರಿ ಯಾರೂ ಜಾಗ ಖಾಲಿ ಮಾಡಲಿಲ್ಲ. ಆರಿಸಿದ ಒಲೆಗಳನ್ನು ಮತ್ತೆ ಹಚ್ಚಿ ಚಹಾ ಕಾಯಿಸಿ ತಂದರು. ಷಡ್ಡಕ ಮಾತ್ರ, "ಹಾಕಿದ್ರೆ ಆಯ್ತಾ? ಸೋರದೆ ಇರಬೇಕಲ್ಲ. ಸ್ಟಾರ್ಟ್ ಮಾಡಿ ನೋಡೋಣ" ಎಂದು ಓಡಾಡುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ತಿದ್ದಪ್ಪ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ, ಹೊಸ ಎಣ್ಣೆ ಸುರಿದು, ಕೀಲಿ ತಿರುಗಿಸಿದ. ಇಂಜಿನ್ ಗಂಟಲು ಸರಿಮಾಡಿಕೊಂಡು ಹಾಡಿತು. ಟೈಲರು, ಬೇಕರಿಯವನು, ವಿಮೆ ಏಜೆಂಟ್, ಫೈರ್ ಆಫೀಸರು, ದಾಂಡಿಗರು, ಎಲ್ಲರೂ ಸುತ್ತ ಬಗ್ಗಿದರು. ಕಾಣಲಿಲ್ಲವೆಂದು ಷಡ್ಡಕ ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿದ. ಹೆಡ್‌ಮೇಡಂ ಕನ್ನಡಕ ಒರೆಸಿ ಕಲ್ಲಿಗೆ ಮೂಗು ತಾಗಿಸಿದರು. ತಾಯಿಯ ಹೊಟ್ಟೆಗೆ ಕಿವಿಯಿಟ್ಟು ಕೂಸಿನ ಸದ್ದು ಕೇಳುವವರ ಹಾಗೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದಿತ್ತು.

ಒಂದು ಹನಿ ಇಲ್ಲ. ಬೆರಳಿಟ್ಟು ಸವರಿದರೂ ಒಣ ಒಣ.

"ಅಲ್ಲಿ, ಅಲ್ಲಿ ಎಣ್ಣೆ" ಎಂದು ಷಡ್ಡಕ ಕೂಗಿದ. ಗೇಟಿನ ಹೊರಗೆ ರಸ್ತೆಯ ಮೇಲೆ ಕರ್ರಗೆ ಒಂದು ಮಡು ಹರಡುತ್ತಿತ್ತು. ಎಲ್ಲರ ಕಣ್ಣು ಮಡುವಿನಿಂದ ಮೇಲಕ್ಕೆ ಹತ್ತಿ ಕೆಂಪು ಬಣ್ಣದ ಫೈರ್ ಇಂಜಿನ್ನಿನ ಮೇಲೆ ನಿಂತಿತು.

ಆಫೀಸರು ಕೆಮ್ಮಿದರು. "ಅದು ನಮ್ಮದು" ಎಂದರು. "ಯಾವಾಗಲೂ ಹಾಗೇ."

ಡ್ರೈವರು ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ, "ಎಣ್ಣೆ ಕಡ್ಡಿಗೇ ತಾಗ್ತಿಲ್ಲ ಸಾರ್. ಈಗ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಹಿಡ್ಕೊಂಡುಬಿಡುತ್ತೆ. ಠಾಣೆಯಿಂದ ಎಣ್ಣೆ ಬರೋವರೆಗೂ ಅಲ್ಲಾಡಿಸೋ ಹಾಗಿಲ್ಲ" ಎಂದ.

ತಿದ್ದಪ್ಪ ಕೈ ಹಿಂದೆ ಕಟ್ಟಿಕೊಂಡು ಹೋಗಿ, ಬಗ್ಗಿ, ನಿಧಾನವಾಗಿ ಪರೀಕ್ಷಿಸಿದ. ಎದ್ದ. ಬೀದಿಯೆಲ್ಲ ಅವನ ಬಾಯನ್ನೇ ನೋಡುತ್ತಿತ್ತು.

"ಗ್ಯಾಸ್ಕೆಟ್ಟು" ಎಂದ.

ಈ ಸಲ ಯಾರೂ ಓಡಲಿಲ್ಲ. ಆಫೀಸರು ಅವನನ್ನು ಪಕ್ಕಕ್ಕೆ ಕರೆದು, "ಬರೋ ಭಾನುವಾರ ಬಿಡುವಿದೆಯಾ ಸಾರ್?" ಎಂದು ಮೆಲ್ಲಗೆ ಕೇಳಿದರು. ತಿದ್ದಪ್ಪ ನೋಡಿ ಹೇಳುತ್ತೇನೆ ಎಂದ, ದೊಡ್ಡ ಡಾಕ್ಟರು ಹೇಳುವ ಹಾಗೆ.

ಫೈರ್ ಇಂಜಿನ್ ಅಲ್ಲಾಡದೆ ಷಡ್ಡಕನ ಕಾರು ಅಲ್ಲಾಡುವಂತಿರಲಿಲ್ಲ. ಅದು ಗೋಡೆಗೂ ಕೆಂಪು ಗಾಡಿಗೂ ನಡುವೆ, ಸೀಟಿನ ಪ್ಲಾಸ್ಟಿಕ್ಕಿನ ಸಮೇತ, ಬೋನಿನಲ್ಲಿ ಬಿದ್ದ ಇಲಿಯಾಗಿತ್ತು. ಆಸ್ಪತ್ರೆಯಿಂದ ಮಾವನನ್ನು ಬಿಡುವ ಹೊತ್ತಾಗಿತ್ತು.

"ಹತ್ತಿ ಭಾವ, ಹಿಂದಿನ ಸೀಟು ಖಾಲಿ ಇದೆ" ಎಂದಳು ತಿದ್ದಪ್ಪನ ಹೆಂಡತಿ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾವ ನರ್ಸಿನ ಕೈ ಹಿಡಿದು ನಿಂತಿದ್ದರು. ಕಾರು ತಿರುವಿನಲ್ಲಿ ಇನ್ನೂ ಕಾಣುವ ಮೊದಲೇ ಅದರ ಸದ್ದು ಕೇಳಿ, "ಬಂತು ನೋಡಮ್ಮ, ನನ್ನದು" ಎಂದರಂತೆ. ಕಾರು ಎದುರು ಬಂದು ನಿಂತಾಗ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು, ಬಗ್ಗಿ ಒಂದೇ ಕಣ್ಣಲ್ಲಿ ನೆಲ ನೋಡಿದರು, ಒದ್ದೆಯಿಲ್ಲದ್ದು ಕಂಡು ಅಳಿಯನ ಮಸಿಗೈಯನ್ನು ಹಿಡಿದುಕೊಂಡರು. ಹಿಡಿದ ಕೈ ಬಿಡಲಿಲ್ಲ. ತಿದ್ದಪ್ಪನಿಗೆ ಅವತ್ತು ಮೊದಲ ಸಲ ಹೇಳಲು ಪದ ಸಿಗಲಿಲ್ಲ.

ಮುಂದಿನ ಸೀಟಿನಲ್ಲಿ ಕೂತ ಮೇಲೆ ಮಾವ ಹಿಂದಕ್ಕೆ ತಿರುಗಿದರು. "ಯಾರದು, ದೊಡ್ಡಳಿಯಂದಿರಾ? ನೀವು ಯಾಕೆ ಇದರಲ್ಲಿ? ನಿಮ್ಮ ಕಾರೆಲ್ಲಿ?"

ಷಡ್ಡಕ ಮಂಡಿಯ ಕರೀ ಕಲೆಯನ್ನು ಕರವಸ್ತ್ರದಿಂದ ಮುಚ್ಚಿಕೊಂಡ. "ಫೈರ್ ಇಂಜಿನ್ ಅಡ್ಡ ನಿಂತಿದೆ ಮಾವ."

"ಫೈರ್ ಇಂಜಿನ್ನಾ? ಬೆಂಕಿ ಎಲ್ಲಿ ಬಿದ್ದಿತ್ತು?"

"ಹೊಟ್ಟೇಲಿ ಅಪ್ಪ" ಎಂದಳು ಮಗಳು, ನೀರಿನ ಬಾಟಲಿಯನ್ನು ಭಾವನ ಕೈಗೆ ಕೊಡುತ್ತ. "ಈಗ ಆರುತ್ತೆ ಬಿಡಿ."

ಮಾವ ಬಹಳ ಹೊತ್ತು ನಕ್ಕರು. ನಗಬಾರದು, ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ನರ್ಸು ಕಿಟಕಿಯ ಹತ್ತಿರ ಬಂದು ಹೇಳಿದರೂ ನಕ್ಕರು. ಆಮೇಲೆ ಸೀಟಿಗೆ ಒರಗಿ, ಕಾಲು ಚಾಚಿ, "ನೇರವಾಗಿ ಮನೆಗೆ ಬೇಡ ಅಳಿಯಂದ್ರೇ. ಸುತ್ತಿಕೊಂಡು ಹೋಗೋಣ. ನಾಲ್ಕು ಜನ ನೋಡ್ಲಿ" ಎಂದರು.

ತಿದ್ದಪ್ಪ ಗೇರು ಹಾಕಿದ.